ಗಿರಾಕಿ ಓಡಿ ಹೋಗ್ತಾನ

ಫೋನಿನಲ್ಲಿ ರೊಕ್ಕ ಕಟ್ಟಿ ಆಡುವ ಪೋಕರ್ ಈಗ ಬಂದ್ ಆಗಿದೆ. ಸತ್ಯನಾರಾಯಣಪೇಟೆಯ ಆ ಮಿರ್ಚಿ ಅಂಗಡಿಯವನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಕೆಲಸದವರು ಬೆಚ್ಚಗಿನ ಎಣ್ಣೆಗೆ ಮಿರ್ಚಿ ಬಿಟ್ಟರೆ ಜಾಲರಿ ಸೌಟಿನಿಂದ ಅವರ ಕೈಗೆ ಬಡಿಯುತ್ತಿದ್ದ. "ಎಣ್ಣಿ ಪೂರಾ ಕಾಯಲಿ. ಇಲ್ಲಾಂದ್ರ ಮಿರ್ಚಿ ಎಣ್ಣಿ ಕುಡಿತೈತಿ," ಅನ್ನುತ್ತಿದ್ದ. ಅದೇ ಮನುಷ್ಯ ಪೋಕರ್‌ನಲ್ಲಿ ಒಳ್ಳೆಯ ಎಲೆ ಬಂದಾಗಲೆಲ್ಲ ಹೆದರಿ ಹೆದರಿ ಚೂರೇ ಚೂರು ಕಟ್ಟುತ್ತಿದ್ದ. ಎದುರು ಆಡುವವನನ್ನು ಗಿರಾಕಿ ಅಂತಲೇ ಕರೆಯುತ್ತಿದ್ದ.

ಒಂದು ಸಂಜೆ ಅವನ ಕೈಯಲ್ಲಿ ಎರಡು ರಾಜ. ನಡುವೆ ಬಿಚ್ಚಿದ ಮೂರು ಎಲೆಯಲ್ಲಿ ಇನ್ನೊಂದು ರಾಜ, ಉಳಿದ ಎರಡೂ ಕೆಂಪು ಹೃದಯದ ಆಟೀನು. ಎದುರಿನವನ ಹತ್ತಿರ ಎರಡು ಆಟೀನಿದ್ದರೆ, ಮತ್ತೊಂದು ಬಿದ್ದ ಕೂಡಲೇ ಐದಾಗಿ, ಮೂರು ರಾಜನನ್ನೂ ಹೊಡೆದು ಆಟ ಅವನದು.

"ಅಣ್ಣಾ, ಈಗ ದೊಡ್ಡದು ಕಟ್ಟು. ಮುಂದಿನ ಎಲಿ ಅವಂಗ ಸೋವಿ ಸಿಗಬಾರ್ದು," ಅಂದೆ, ಪಕ್ಕದಲ್ಲಿ ನಿಂತು ಅವನ ಫೋನು ನೋಡುತ್ತ.

"ರೇಟು ಏರಿಸಿದ್ರ ಗಿರಾಕಿ ಓಡಿ ಹೋಗ್ತಾನಲೇ," ಅಂದವನೇ ಎಲ್ಲಕ್ಕಿಂತ ಕಡಿಮೆಯದನ್ನು ಒತ್ತಿದ.

ಗಿರಾಕಿ ಓಡಲಿಲ್ಲ. ಮುಂದಿನ ಎಲೆ ಆಟೀನು. ಆಗ ಗಿರಾಕಿ ಇದ್ದದ್ದನ್ನೆಲ್ಲ ಕಟ್ಟಿದ. ಇವನೂ ಕಟ್ಟಿದ, ಕಳಕೊಂಡ.

ನನಗೆ ಮೈಯೆಲ್ಲ ಉರಿಯಿತು. "ಬೆಚ್ಚಗಿನ ಎಣ್ಣಿಗೆ ಮಿರ್ಚಿ ಬಿಟ್ಟಿ ನೋಡು. ನಿನ್ನ ಕೈಗೆ ಯಾರು ಬಡೀಬೇಕು?"

ಅವನು ಸಿಟ್ಟಾಗಲಿಲ್ಲ. ಸೌಟನ್ನು ನನ್ನ ಕೈಗೆ ಕೊಟ್ಟು, "ಬಡಿ," ಅಂತ ಎಡಗೈ ಚಾಚಿದ.

ಬಲಗೈ ಆಗಲೇ ಹೊಸ ಆಟ ಒತ್ತುತ್ತಿತ್ತು.