ಟೀಚರಮ್ಮ ಅಂಟಿಸಿದ ಸುಳ್ಳು

ಎದುರುಮನೆ ಟೀಚರಮ್ಮನ ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು ಹತ್ತಿಕೊಂಡಿರುತ್ತಿತ್ತು. ಹುಳ ಬೀಳದಿರಲಿ ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಹಾಗಾಗಿ ಉಗುರಿನ ಸಂದಿಯೆಲ್ಲ ತೆಳು ನೀಲಿ. ಮಾತಾಡುತ್ತಾ ಆ ಅಂಟಿನ ಸಿಪ್ಪೆಯನ್ನು ಸುಲಿದು ಸೆರಗಿನ ತುದಿಯಲ್ಲಿ ಕೂಡಿಟ್ಟುಕೊಳ್ಳುವರು. ನಮ್ಮ ಮನೆ ನೆಲದ ಮೇಲೆ ಒಂದು ಚೂರೂ ಬೀಳಿಸಿದವರಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಕೈ ಉಜ್ಜಿ ಉಜ್ಜಿ ತೊಳೆದು ಬರುವರು. ಆದರೂ ನೀಲಿ ಹೋಗುತ್ತಿರಲಿಲ್ಲ. "ಕೃಷ್ಣನ ಬಣ್ಣ ಕಣಮ್ಮ, ಬೈಬೇಡ" ಅನ್ನುವರು.

ಅಂಗನವಾಡಿಯಲ್ಲಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಕತ್ತರಿ ಬಿಡಲಿಲ್ಲ. ನೆಲಮಂಗಲದಲ್ಲಿ ಬಸ್ಸಿಳಿದವರ ಕೈಗೆ ತುರುಕುವ ಸೈಟಿನ ಕರಪತ್ರ, ಬಿತ್ತನೆ ಬೀಜದ ಪೊಟ್ಟಣ, ಸೀರೆ ಅಂಗಡಿಯ ಕವರು, ಹಳೆ ಕ್ಯಾಲೆಂಡರು, ಮದುವೆ ಕಾರ್ಡು, ಎಲ್ಲ ಅವರ ಟ್ರಂಕಿಗೆ. ಗೋಡೌನುಗಳಿಂದ ಬರುವ ರಟ್ಟಿನ ಪೆಟ್ಟಿಗೆ ಬಿಚ್ಚಿ ಹರಡಿ, ಅದರ ಮೇಲೆ ಚಿತ್ರ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಕತೆ ಬರೆಯುವರು. ಒಂದು ರಟ್ಟು ನನಗೆ ಈಗಲೂ ಬಾಯಿಪಾಠ: ಕರಪತ್ರದ ಬಂಗಲೆ, ಅದರ ಬಾಲ್ಕನಿಯಲ್ಲಿ ಒಂದು ಹುಂಜ. "ಹುಂಜಪ್ಪ ಬಂಗಲೆ ತೊಗೊಂಡ. ಬೆಳಗ್ಗೆ ಕೂಗಬಾರದು ಅಂದರು. ಮಾರಿ ವಾಪಸ್ ತಿಪ್ಪೆಗೆ ಬಂದ."

ಅವರ ಯಜಮಾನರದು ಪಾಪ, ಚಿತ್ರ ಕತ್ತರಿಸಿ ಕಿಟಕಿ ಬಿದ್ದ ಪೇಪರನ್ನೇ ಓದುವ ಹಣೆಬರಹ. "ಇವತ್ತು ಮಂತ್ರಿಗೆ ತಲೆ ಇಲ್ಲ ಕಣಮ್ಮ, ಬರೀ ಭಾಷಣ ಐತೆ" ಅಂತ ಜಗಲಿಯಿಂದಲೇ ನನಗೆ ದೂರು ಕೊಡುವರು.

ಆದರೆ ದೇವರ ಚಿತ್ರಕ್ಕೆ ಟೀಚರಮ್ಮ ಕತ್ತರಿ ತಾಗಿಸುತ್ತಿರಲಿಲ್ಲ. ಮದುವೆ ಕಾರ್ಡನ್ನು ನೀರಲ್ಲಿ ನೆನೆಸಿ, ಗಣಪತಿಯನ್ನು ನೋವಾಗದ ಹಾಗೆ ಬಿಡಿಸಿ, ರಟ್ಟಿನ ನೆತ್ತಿಗೆ ಮೊದಲು ಅವನನ್ನು ಕೂರಿಸಿಯೇ ಮಿಕ್ಕ ಕೆಲಸ. ಇದೊಂದಕ್ಕೇ ನಾನು ಅವರನ್ನು ಬಹಳ ಮೆಚ್ಚಿದ್ದೆ.

ಒಂದು ಮಾತ್ರ ನನಗೆ ಒಪ್ಪಿಗೆ ಆಗುತ್ತಿರಲಿಲ್ಲ. ಬೇಕಂತಲೇ ತಪ್ಪು ಬರೆಯುವರು. ಆನೆ ಅಂಟಿಸಿ, ಕೆಳಗೆ "ಇದು ಮರ ಹತ್ತಿ ಮಾವಿನಕಾಯಿ ಕಿತ್ತಿತು" ಅನ್ನುವರು. ಬೀದಿ ಮಕ್ಕಳೆಲ್ಲ ಅವರ ಮೇಲೆ ಜಗಳಕ್ಕೆ ಬೀಳುವವು. ನಾನೊಮ್ಮೆ ಕೇಳಿಯೇಬಿಟ್ಟೆ, "ಮಕ್ಕಳು ತಪ್ಪು ಕಲಿಯಲ್ವಾ ಟೀಚರಮ್ಮ?"

"ಸರಿ ಬರೆದ್ರೆ ಕೇಳಿ ಸುಮ್ನಾಗ್ತವೆ. ತಪ್ಪು ಬರೆದ್ರೆ ಬಾಯಿ ಬಿಡ್ತವೆ. ಬಾಯಿ ಬಿಡ್ಸೋದೇ ಅಲ್ವೇನಮ್ಮ ನನ್ನ ಕೆಲಸ?"

ಆ ಮಾತು ನನಗೆ ಅರ್ಥವಾದದ್ದು ನಮ್ಮತ್ತೆಗೆ ಲಕ್ವ ಹೊಡೆದ ಮೇಲೆ.

ಅತ್ತೆಯ ಬಾಯಿ ಇಡೀ ಬೀದಿಗೇ ಗೊತ್ತು. ನಾನು ಮದುವೆಯಾಗಿ ಬಂದಾಗಿನಿಂದ ಸಂಜೆ ದೀಪ ಹಚ್ಚುವಾಗ "ಬತ್ತಿ ಹಿಂಗಾ ಹೊಸೆಯೋದು?" ಅನ್ನಿಸಿಕೊಳ್ಳದ ದಿನವಿಲ್ಲ. ದೇವರ ದಯೆ, ಜೀವ ಉಳಿಯಿತು. ಕಾಲಿಗೂ ಶಕ್ತಿ ಬಂತು, ಕೋಲು ಹಿಡಿದು ಓಡಾಡಿದರು. ಮಾತು ಮಾತ್ರ ಬರಲಿಲ್ಲ. ಡಾಕ್ಟರು "ಮಾತಾಡಿಸ್ತಾ ಇರಿ, ಬಂದರೂ ಬರಬಹುದು" ಅಂದರು. ಮೊದಮೊದಲು ಎಲ್ಲರೂ ಮಾತಾಡಿಸಿದೆವು. ಆಮೇಲೆ ಅವರ ಎದುರಲ್ಲೇ ಅವರ ವಿಷಯವನ್ನು ನಮ್ಮನಮ್ಮಲ್ಲೇ ಮಾತಾಡಿಕೊಳ್ಳತೊಡಗಿದೆವು. ನಮ್ಮ ಯಜಮಾನರು ತಾಯಿಯ ಪಕ್ಕ ಕೂತು, ಟೀವಿ ನೋಡಿ, ಎದ್ದುಹೋಗುವರು. ಅತ್ತೆ ಗೋಡೆ ಕಡೆ ತಿರುಗಿ ಮಲಗತೊಡಗಿದರು. ತಟ್ಟೆಯಲ್ಲಿ ಮುದ್ದೆ ಅರ್ಧ ಹಾಗೇ ಉಳಿಯುವುದು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲ ಅಂತ ನನಗೆ ಹೆದರಿಕೆ ಹತ್ತಿತು. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತೆ: "ನನ್ನನ್ನು ಬೈದರೂ ಪರವಾಗಿಲ್ಲ, ಬಾಯಿ ಕೊಡಪ್ಪಾ."

ಟೀಚರಮ್ಮ ಬಂದು ನೋಡಿದರು. "ಅಕ್ಕಂದು ಒಂದು ಫೋಟೋ ಕೊಡಮ್ಮ, ಕತ್ತರಿಸಿ ಅಂಟಿಸ್ತೀನಿ" ಅಂದರು.

ನಾನು ತಡೆದೆ. "ಬದುಕಿರೋರ ಫೋಟೋಗೆ ಕತ್ತರಿ ಹಾಕ್ತಾರಾ? ಮೊದಲೇ ಹುಷಾರಿಲ್ಲ."

"ಹಂಗಾದ್ರೆ ಜೆರಾಕ್ಸ್ ಮಾಡ್ಸು. ಅಸಲು ಯಾವುದು, ಜೆರಾಕ್ಸ್ ಯಾವುದು ಅಂತ ಯಮನಿಗೆ ಗೊತ್ತಾಗುತ್ತೆ."

ಮಾಡಿಸಿಕೊಟ್ಟೆ. ಕೆಲವು ದಿನ ಬಿಟ್ಟು ಮಧ್ಯಾಹ್ನ ರಟ್ಟು ಹಿಡಿದು ಬಂದು, ಅತ್ತೆ ಮಂಚದ ಮುಂದೆ ಕೂತರು. ನೆತ್ತಿಯಲ್ಲಿ ಗಣಪತಿ. ಕೆಳಗೆ ಸೀರೆ ಅಂಗಡಿ ಕವರಿನ ಮದುಮಗಳ ಮೈಗೆ ನಮ್ಮತ್ತೆಯ ಮುಖ. ಟೀಚರಮ್ಮ ಬೆರಳಿಟ್ಟು ಓದಿದರು: "ತ್ಯಾಮಗೊಂಡ್ಲು ಕಡೆಯ ಹುಡುಗಿ ನೆಲಮಂಗಲಕ್ಕೆ ಸೊಸೆಯಾಗಿ ಬಂದಳು." ಅದು ನಿಜ. ಪಕ್ಕದಲ್ಲಿ ಒಂದು ಲಾರಿ: "ದಿಬ್ಬಣ ಬಂದದ್ದು ಲಾರಿಯಲ್ಲಿ." ಅದೂ ನಿಜ. ಅತ್ತೆ ಸುಮ್ಮನೆ ನೋಡುತ್ತಿದ್ದರು. ಅದರ ಕೆಳಗೆ ಅವರೆಕಾಯಿ ರಾಶಿ, ಒಂದು ಪಾತ್ರೆ, ಮತ್ತೆ ಅತ್ತೆಯ ಮುಖ. "ಇವಳಿಗೆ ಹಿತಕಿದ ಬೇಳೆ ಸಾರು ಮಾಡೋಕೆ ಬರ್ತಿರಲಿಲ್ಲ. ಸೊಸೆ ಬಂದ ಮೇಲೆ ಸೊಸೆ ಕೈಲಿ ಕಲಿತಳು."

ಅವರೆಕಾಯಿ ಕಾಲದಲ್ಲಿ ನಮ್ಮತ್ತೆಯ ಸಾರಿಗೆ ನೆಂಟರು ಹುಡುಕಿಕೊಂಡು ಬರುತ್ತಿದ್ದರು. ನಾನು "ಅಯ್ಯೋ, ಏನು ಟೀಚರಮ್ಮ..." ಅನ್ನುವಷ್ಟರಲ್ಲಿ ನೀಲಿ ಬೆರಳೊಂದು ಮೇಲೆದ್ದು ನನ್ನನ್ನು ಸುಮ್ಮನಾಗಿಸಿತು. ಅದೇ ಸಾಲನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಓದಿದರು.

ಅತ್ತೆಯ ಕುತ್ತಿಗೆ ನರ ಉಬ್ಬಿತು. ಕೈ ಮಂಚಕ್ಕೆ ಬಡಿಯಿತು. ತುಟಿ ಒಂದು ಕಡೆಗೆ ಎಳೆದು, ಜೊಲ್ಲಿನ ಜೊತೆಗೇ ಬಂತು: "ಸು... ಸುಳ್ಳು."

"ಏನಂದ್ರಿ ಅಕ್ಕ? ಕೇಳಿಸ್ಲಿಲ್ಲ. ಬೀದಿಯವರೆಲ್ಲ ಹಂಗೇ ಹೇಳ್ತಾರೆ."

"ಸುಳ್ಳು. ನಾನು." ಆಮೇಲೆ ನನ್ನ ಕಡೆ ಬೆರಳು ತೋರಿಸಿ, ತಡಕಾಡಿ, "ಇವಳ್ದು... ಉಪ್ಪಿಲ್ಲ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದುಬಿಟ್ಟವು. ದೇವರು ನನ್ನ ಹರಕೆಯನ್ನು ಎಷ್ಟು ಸರಿಯಾಗಿ ಕೇಳಿಸಿಕೊಂಡಿದ್ದ. ಟೀಚರಮ್ಮ ಮಾತ್ರ ಏನೂ ಆಗದವರ ಹಾಗೆ ಬೆರಳಿನ ಅಂಟು ಸುಲಿಯುತ್ತಾ, "ನಾಳೆ ನಿಮ್ಮ ಯಜಮಾನರ ವಿಷಯ ಬರ್ಕೊಂಡು ಬರ್ತೀನಿ ಅಕ್ಕ, ಅದೂ ಸುಳ್ಳೇ" ಅಂದರು.

ಹಾಗೆ ಬಂದರು, ದಿನವೂ. ಅವರು ತಪ್ಪು ಓದುವುದು, ಅತ್ತೆ ತಿದ್ದುವುದು. ಮಾತು ಪೂರ್ತಿ ವಾಪಸ್ ಬಂತು ಅಂತ ಹೇಳಲಾರೆ. ಮೊಮ್ಮಕ್ಕಳ ಹೆಸರು ಈಗಲೂ ಅದಲುಬದಲು. ಆದರೆ ತಟ್ಟೆ ಖಾಲಿಯಾಗತೊಡಗಿತು. ಯಜಮಾನರು ಟೀವಿ ಆರಿಸಿ ತಾಯಿ ಹತ್ತಿರ ಕೂತರು. ಒಂದು ಸಂಜೆ ದೀಪ ಹಚ್ಚುವಾಗ ಹಿಂದಿನಿಂದ "ಬತ್ತಿ ದಪ್ಪ" ಅಂತ ಕೇಳಿಸಿತು. ಬತ್ತಿ ನಿಜಕ್ಕೂ ದಪ್ಪವಿತ್ತು. ಹರಕೆ ತೀರಿಸಲು ಘಾಟಿಗೆ ಹೋದಾಗ ಅತ್ತೆಯೂ ಬಂದರು, ದಾರಿಯುದ್ದಕ್ಕೂ ಡ್ರೈವರನ್ನು ಬೈಯುತ್ತಾ.

ಹೋದ ವರ್ಷ ಟೀಚರಮ್ಮ ತೀರಿಕೊಂಡರು. ನರಳಲಿಲ್ಲ. ಬೆಳಗಿನ ಕಾಫಿ ಕುಡಿದು, ಪೇಪರಿಗೆ ಕತ್ತರಿ ಹಾಕುತ್ತಾ ಗೋಡೆಗೆ ಒರಗಿದವರು ಒರಗಿಯೇ ಇದ್ದರು. ಅದೂ ದೇವರು ಕೊಟ್ಟದ್ದೇ. "ಪೇಪರು ಈಗ ಪೂರ್ತಿ ಸಿಗುತ್ತೆ ಕಣಮ್ಮ, ಓದೋಕೇ ಮನಸ್ಸಿಲ್ಲ" ಅನ್ನುತ್ತಾರೆ ಅವರ ಯಜಮಾನರು.

ತಿಥಿ ಮುಗಿದ ಮೇಲೆ ಅವರು ಟೀಚರಮ್ಮನ ಒಂದು ಫೋಟೋ ತಂದುಕೊಟ್ಟರು. ಅತ್ತೆ ನೋಡಿ, "ರಟ್ಟು ತಾ" ಅಂದರು. ನಾನು ಮೈದಾ ಕಾಯಿಸಿ ಅಂಟು ಮಾಡಿದೆ, ಗಣಪತಿಯನ್ನು ನೆನೆಸಿ ಬಿಡಿಸಿ ನೆತ್ತಿಗೆ ಕೂರಿಸಿದೆ. ಕೆಳಗೆ ಏನು ಬರೆಯಲಿ ಅಂತ ಕೇಳಿದೆ. ಅತ್ತೆ ಬಹಳ ಹೊತ್ತು ಪದ ಹುಡುಕಿದರು.

"ಬರಿ. ಈ ಯಮ್ಮ... ಒಂದು ಸುಳ್ಳೂ... ಬರೀಲಿಲ್ಲ."

ಬರೆದೆ. ಹೋದವರ ಫೋಟೋ ತಾನೇ, ಇನ್ನೇನು ಭಯ ಅಂತ ಕತ್ತರಿ ಎತ್ತಿಕೊಂಡೆ. ಅತ್ತೆಯ ಕೋಲು ನೆಲಕ್ಕೆ ಬಡಿಯಿತು.

"ಲೇ. ಜೆರಾಕ್ಸ್."

"ಅತ್ತೆ, ಅವರು ಈಗ..."

"ಗೊತ್ತು. ಜೆರಾಕ್ಸ್ ಮಾಡ್ಸು, ಹೋಗು. ಬುದ್ಧಿ ಇಲ್ದೋಳೇ."

ಫೋಟೋವನ್ನು ಸೆರಗಲ್ಲಿ ಮುಚ್ಚಿಕೊಂಡು, ಚಪ್ಪಲಿ ಮೆಟ್ಟಿ ಹೊರಟೆ. ಬೀದಿ ತಿರುವಿನವರೆಗೂ ಅತ್ತೆ ಬೈಯುವುದು ಕೇಳಿಸುತ್ತಿತ್ತು.