ತಾರಸಿಯ ಸಾಲಿನಲ್ಲಿ ಮೇಸ್ತ್ರಿಗೊಂದು ಜಾಗ

ನಮ್ಮ ವಂಶದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಯಾರದೋ ಮನೆಯ ದನದ ಕೊಟ್ಟಿಗೆಯ ಪಕ್ಕ ಮಲಗಿ, ಎರವಲು ಪುಸ್ತಕ ಓದಿ ಪಡೆದದ್ದು. ಹೇಳಿಕೊಳ್ಳದೆ ಬಚ್ಚಿಡಲು ನಾನೇನು ಅದನ್ನು ಕದ್ದು ತಂದಿದ್ದೇನೆಯೇ?

ಪಾಸಾದ ಸುದ್ದಿ ಹೊತ್ತು ತರೀಕೆರೆ ಸ್ಟೇಷನ್ನಿನಲ್ಲಿ ಇಳಿದೆ. ಅವ್ವ ಆಗ ಅಜ್ಜಂಪುರದ ನಮ್ಮ ಮನೆಯಲ್ಲಿರಲಿಲ್ಲ. ತರೀಕೆರೆಯಲ್ಲಿ ಕಟ್ಟುತ್ತಿದ್ದ ಸರ್ಕಾರಿ ಮುಸಾಫಿರಖಾನೆಯ ತಾರಸಿಯ ಮೇಲಿದ್ದಳು. ಗಾರೆ ಬಡಿಯುವುದು ಅವಳ ಕಸುಬು.

ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಸುಣ್ಣ, ಮರಳು, ಇಟ್ಟಿಗೆ ಚೂರು ಕಲಸಿ ತಾರಸಿಯ ಮೇಲೆ ಹಾಸುತ್ತಾರೆ. ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಬೆಲ್ಲದ ನೀರು ಚಿಮುಕಿಸುತ್ತ, ಹಾಡಿನ ತಾಳಕ್ಕೆ ಮರದ ಕೊಡತಿಯಿಂದ ಬಡಿಯುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಸಾಲಿನಲ್ಲಿ ಸಂದು ಬಿಡುವಂತಿಲ್ಲ. ಒಬ್ಬಳು ಎದ್ದರೆ ಇನ್ನೊಬ್ಬಳು ಆ ಜಾಗಕ್ಕೆ ಕೂರಬೇಕು. ಹಸಿ ಆರುವುದರೊಳಗೆ ಬಡಿದು ಗಟ್ಟಿ ಮಾಡದಿದ್ದರೆ ಮಳೆಗಾಲದಲ್ಲಿ ಸೋರುತ್ತದೆ. ಗಂಡಸರು ಮಾತ್ರ ಕೊಡತಿ ಮುಟ್ಟುವುದಿಲ್ಲ. ಗಂಡಸಿನ ಕೆಲಸ ಗಾರೆ ಮೆತ್ತುವ ಕರಣೆ ಹಿಡಿಯುವುದು. ಹಿಡಿದು ಬೇಸರವಾದರೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಡಿ ಹಚ್ಚುವುದು. ಕಟ್ಟಡ ಮುಗಿದ ದಿನ ಪೇಟ, ಶಾಲು, ತೆಂಗಿನಕಾಯಿ ಎಲ್ಲ ಕರಣೆಗೆ. ಕೊಡತಿಗೆ ಮಂಡಕ್ಕಿ.

ನಾನು ಹೋದಾಗ ಓವರ್‌ಸಿಯರ್ ಸಾಹೇಬರು ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕಟ್ಟಡ ಕಟ್ಟುತ್ತಿದ್ದರು. ಬಿ.ಎ. ಎಂದೊಡನೆ ಎದ್ದು ಆ ಕುರ್ಚಿಯನ್ನು ನನಗೇ ಕೊಟ್ಟರು. ಅದೇ ಮರದ ಕೊಂಬೆಗೆ ಹಳೆ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗೊಂದು ಎಳೆ ಕೂಸು ಹಸಿದು ಕಿರುಚುತ್ತಿತ್ತು. ಅದರ ತಾಯಿ, ಸಿಂಗಟಗೆರೆ ಕಡೆಯ ಚಿಕ್ಕ ಪ್ರಾಯದವಳು, ತಾರಸಿಯ ಸಾಲಿನಿಂದ ಏಳಲು ಹೋದಳು. ಅವಳ ಜಾಗಕ್ಕೆ ಕೂರಲು ಅಂದು ಹೆಚ್ಚಿನ ಆಳಿರಲಿಲ್ಲ.

"ಕೂತ್ಕೋ," ಎಂದ ತಾರಸಿಯ ಮೇಲೆ ಪೇಟ ಸುತ್ತಿಕೊಂಡು ನಿಂತಿದ್ದ ಮೇಸ್ತ್ರಿ. "ಸಾಲು ಒಡ್ದೋಗ್ತೈತೆ. ಸಾಯಂಕಾಲ ಕುಡಿಸೀವಂತೆ."

"ಬೆಳಗಿಂದ ಕುಡ್ದಿಲ್ಲ ಕಣಣ್ಣ. ಅತ್ತು ಅತ್ತು ಗಂಟ್ಲು ಕಟ್ಕೊಂಡೈತೆ."

"ಅಳ್ಲಿ ಬಿಡು, ಗಂಟ್ಲು ಗಟ್ಟಿ ಆಗ್ತೈತೆ."

ಹಾಡು ನಿಂತಿತು. ಸಾಲಿನ ತುದಿಯಲ್ಲಿದ್ದ ಅವ್ವ ಕೊಡತಿ ಕೆಳಗಿಟ್ಟಳು. ಉಳಿದವರೂ ಇಟ್ಟರು. ಬಿಸಿಲು ಮಾತ್ರ ತನ್ನ ಕೆಲಸ ಬಿಡಲಿಲ್ಲ, ಗಾರೆ ಬಿಳಿಚಿಕೊಳ್ಳತೊಡಗಿತು.

ಓವರ್‌ಸಿಯರ್ ಏಣಿಯ ಬುಡಕ್ಕೆ ಓಡಿದರು, ಮೇಲೆ ನೋಡಿದರು, ನನ್ನ ಹತ್ತಿರ ವಾಪಸು ಓಡಿಬಂದರು. "ಸ್ವಾಮಿ, ತಾವು ಓದಿದವರು. ಈ ಮೂಢ ಹೆಂಗಸರಿಗೆ ಸ್ವಲ್ಪ ಬುದ್ಧಿ ಹೇಳಿ."

"ಮೊದಲು ಕೊಡತಿ ಇಟ್ಟವಳು ನನ್ನ ಅವ್ವ," ಎಂದೆ. "ಇಂಥ ಜೋಲಿಯಲ್ಲೇ ಅತ್ತು ದೊಡ್ಡವನಾದೆ. ಬುದ್ಧಿ ಯಾರಿಗೆ ಹೇಳಲಿ, ನೀವೇ ಹೇಳಿ."

ಅವರು ಕುರ್ಚಿಯ ಕಡೆ ನೋಡಿದರು. ವಾಪಸು ಕೇಳುವ ಮನಸ್ಸಿತ್ತೆಂದು ಕಾಣುತ್ತದೆ. ಬಿ.ಎ. ಅಡ್ಡ ಬಂತು.

ಅಷ್ಟರಲ್ಲಿ ಮೇಲಿನಿಂದ ಅವ್ವನ ದನಿ ಕೇಳಿತು: "ಸಾಲು ಒಡೀಬಾರ್ದು ಅಂದ್ಯಲ್ಲ ಮೇಸ್ತ್ರಿ, ನಿಜ ಕಣಪ್ಪ. ಅವಳು ಇಳೀಲಿ. ನೀ ಬಾ, ಆ ಜಾಗಕ್ಕೆ ಕೂತ್ಕೋ."

"ನಾನಾ? ಗಂಡ್ಸು ಕೊಡತಿ ಹಿಡೀತಾನೇನಕ್ಕಾ?"

"ಯಾಕೆ, ಮೀಸೆ ಉದುರೋಗ್ತೈತಾ? ಉದುರಿದ್ರೆ ಗಾರೇಲಿ ಅಂಟಿಸ್ಕೊಡ್ತೀನಿ ಬಾ."

ಹೆಂಗಸರು ಘೊಳ್ಳೆಂದರು. ಓವರ್‌ಸಿಯರ್ ಕೆಳಗಿಂದ ಕೂಗಿದರು: "ಕೂತ್ಕೊಳ್ಳಯ್ಯಾ! ಸುಣ್ಣ ಒಣಗ್ತಾ ಇದೆ. ನಾಳೆ ಸೋರಿದ್ರೆ ಇಂಜಿನಿಯರ್ ಸಾಹೇಬರಿಗೆ ನಿನ್ನ ಮೀಸೆ ತೋರಿಸ್ಲಾ?"

ಮೇಸ್ತ್ರಿ ಕೂತ. ಪೇಟ ಸಮೇತ ಕೂತ. ಚಿಕ್ಕವಳು ಏಣಿ ಇಳಿದು ಕೂಸನ್ನೆತ್ತಿಕೊಂಡಳು. ಮೇಲೆ ಹಾಡು ಮತ್ತೆ ಎದ್ದಿತು, ಪದ ಮಾತ್ರ ಹೊಸದು:

"ಕರಣೆಯ ಅರಸ ಕೊಡತಿಗೆ ಬಂದ, ಸೋ...
ಮಂಡಿಯು ನೊಂದು ಅವ್ವನ ನೆನೆದ, ಸೋ..."

ತಾಳ ತಪ್ಪಿದಾಗಲೆಲ್ಲ ಪಕ್ಕದವಳು ಅವನನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಬೆಲ್ಲದ ನೀರಿಗೆ ಮುತ್ತಿದ ನೊಣಗಳು ಕೊಡತಿ ಹಿಡಿದದ್ದು ಗಂಡಸೋ ಹೆಂಗಸೋ ಎಂದು ನೋಡದೆ ಅವನ ಮೂಗಿನ ಮೇಲೂ ಕೂತವು.

ಕೂಸಿಗೆ ಯಾವ ಅವಸರವೂ ಇರಲಿಲ್ಲ. ತಾಯಿ ಮರದ ಬುಡದಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದಳು. ಅದು ಒಂದು ಕಡೆ ಮುಗಿಸಿ, ತೇಗಿ, ಇನ್ನೊಂದು ಕಡೆ ಹಿಡಿಯಿತು. ಓವರ್‌ಸಿಯರ್ ಜೇಬಿನ ಗಡಿಯಾರ ತೆಗೆದರು, ಒಳಗಿಟ್ಟರು, ಮತ್ತೆ ತೆಗೆದರು.

ನಾನು ಏಣಿ ಹತ್ತಿ ಅವ್ವನಿಗೆ ಬಿ.ಎ. ಪಾಸಾದೆ ಎಂದು ಹೇಳಿದೆ. ಅವಳ ಕಣ್ಣು ತುಂಬಿತು, ಕೊಡತಿ ನಿಲ್ಲಲಿಲ್ಲ. "ಒಳ್ಳೇದಾಯ್ತು ಕಣಪ್ಪ. ಹಸೀ ಗಾರೆ ತುಳೀಬ್ಯಾಡ," ಎಂದಳು.

ಮಧ್ಯಾಹ್ನದ ಮೇಲೆ ಕೂಸು ಮತ್ತೆ ಅತ್ತಿತು. ಚಿಕ್ಕವಳು ಯಾರ ಮುಖವನ್ನೂ ನೋಡದೆ ಕೊಡತಿ ಇಟ್ಟು ಇಳಿದುಹೋದಳು. ಮೇಸ್ತ್ರಿ ಈ ಸಲ ಪೇಟ ಬಿಚ್ಚಿಟ್ಟು ಬಂದು ಕೂತ.