ಜಾಯ್‌ಸ್ಟಿಕ್ ಬದಲಿಸುವ ಮಾವ

ನಡುಮನೆಯ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ವಿಡಿಯೋ ಗೇಮ್ ಪೆಟ್ಟಿಗೆ, ಅದರ ಮುಂದೆ ಸ್ಕ್ರೂಡ್ರೈವರ್ ಕಚ್ಚಿಕೊಂಡು ಕೂತ ಮಾವ. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಇದೊಂದೇ ಉದ್ಯೋಗ. ಹೊಸ ಜಾಯ್‌ಸ್ಟಿಕ್ ಹಾಕಿ ಎರಡು ತಿಂಗಳಾಗುವುದೇ ತಡ, "ಸವೆದುಹೋಯ್ತು ಕಣಮ್ಮಾ, ಇನ್ನೂ ಒಳ್ಳೇದು ಬಂದಿದೆ" ಎಂದು ಬಿಚ್ಚಿ ಹರಡುತ್ತಾರೆ. ಒದ್ದೆ ಕೈಯಲ್ಲೇ ವೈರು ಮುಟ್ಟುತ್ತಾರೆ, ಊಟಕ್ಕೆ ಕರೆದರೆ "ಬಂದೆ" ಎಂದು ಅಲ್ಲೇ ಕೂತಿರುತ್ತಾರೆ. "ಆ ಪೆಟ್ಟಿಗೇನೇ ಕಟ್ಕೋಬೇಕಿತ್ತು ನೀವು" ಎಂದು ಅತ್ತೆ ಚುಚ್ಚಿದರೆ, "ಕೇಳಿದ್ದೆ, ಒಪ್ಪಲಿಲ್ಲ" ಎನ್ನುತ್ತಾರೆ. ಆದರೆ ದಿನಾ ಸಂಜೆ ಅದರಲ್ಲಿ ಆಡುವವರು ಅತ್ತೆಯೇ. ಸೊಸೆಗೆ ಮಾತ್ರ ಒಂದೇ ದಿಗಿಲು: ಜಾಯ್‌ಸ್ಟಿಕ್‌ನ ಹಿಡಿಯಿಂದ ಬಿಚ್ಚಿದ ಸ್ಪ್ರಿಂಗನ್ನು ಅಂಬೆಗಾಲಿಡುವ ಮಗು ಎಲ್ಲಿ ನುಂಗಿಬಿಡುತ್ತದೋ! ಹಾಗೆಂದು ಪ್ರತಿ ಸಲ ಹೆಕ್ಕಿ ಡಬ್ಬಿಯಲ್ಲಿ ಸಾಲಾಗಿ ಇಟ್ಟ ಐದು ಸ್ಪ್ರಿಂಗುಗಳನ್ನು ಇವತ್ತು ಅಡುಗೆಮನೆಯಲ್ಲಿ ಸುಮ್ಮನೆ ಬೆರಳಲ್ಲಿ ಒತ್ತಿ ನೋಡಿದಳು. ಒಂದೂ ಸವೆದಿರಲಿಲ್ಲ. ಹಳೆಯದಕ್ಕಿಂತ ಹೊಸದು ಮೆದು, ಅದಕ್ಕಿಂತ ಮುಂದಿನದು ಇನ್ನೂ ಮೆದು. ಅತ್ತೆಯ ಕೈಯಿಂದ ಲೋಟ ಜಾರುವುದು, ರವಿಕೆಯ ಹುಕ್ಕು ಹಾಕಲು ತನ್ನನ್ನು ಕರೆಯುವುದು, ಎಲ್ಲವೂ ಅವಳಿಗೆ ಒಟ್ಟಿಗೆ ನೆನಪಾಯಿತು. ಅತ್ತ ಪೆಟ್ಟಿಗೆಯ ಮುಂದೆ ಅತ್ತೆ, "ಈ ಸಲದ್ದು ಚೆನ್ನಾಗಿದೆ ರೀ, ನನ್ನ ಕೈಗೇ ಬಲ ಬಂದ ಹಾಗಿದೆ" ಎಂದು ನಗುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದ ಮಾವ ಸೊಸೆಯ ಕೈಯಲ್ಲಿದ್ದ ಡಬ್ಬಿ ನೋಡಿದರು. "ಅವಳಿಗೆ ಹೇಳ್ಬೇಡಮ್ಮ" ಎಂದು ದನಿ ತಗ್ಗಿಸಿದರು. "ಇದಕ್ಕಿಂತ ಮೆದುವಾದ್ದು ಯಾರೂ ಮಾಡಲ್ವಂತೆ."